ಕೋಡಿ ಮನೆಯ ಜಿತೇಂದ್ರ

ಕೋಟೇಶ್ವರ
೧೮ ಮಾರ್ಚ್ ೨೦೨೪

ಚಿರಂಜೀವಿ ಜಿತೇಂದ್ರನಿಗೆ ಆಶೀರ್ವಾದಗಳು.

ಕರಾಚಿಯ ಸೆರೆಮನೆಯಿಂದ ನೀನು ನವೆಂಬರ್ ೧೯ರಂದು ಬರೆದ ಪತ್ರ ಈ ತಿಂಗಳ ೧೧ರಂದು ನನ್ನ ಕೈ ಸೇರಿತು. ಕೋಡಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ದೋಣಿ ಹತ್ತಿದವನು ನೀನು. ಇಪ್ಪತ್ತು ವರ್ಷಗಳಲ್ಲಿ ನೀನು ಬರೆದ ಮೊದಲ ಕನ್ನಡ ವಾಕ್ಯಗಳು ಇವೇ ಇರಬೇಕು. ಮಹಾಪ್ರಾಣಗಳ ವಿಷಯದಲ್ಲಿ ನೀನು ಅಂದಿನಂತೆಯೇ ಉದಾರಿ. ತಿದ್ದಿ, ಇದರೊಡನೆ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಕೆಂಪು ಶಾಯಿಯನ್ನು ಕಂಡು ಅಲ್ಲಿಯ ಅಧಿಕಾರಿಗಳು ಬೇರೇನನ್ನೂ ಊಹಿಸದಿರಲಿ.

ಬಸ್ಸಿನಲ್ಲಿ ತ್ರಾಸಿಗೆ ಹೋಗಿ ನಿನ್ನ ತಾಯಿ ಅಕ್ಕುವಿಗೆ ಪತ್ರವನ್ನು ಎರಡು ಸಲ ಓದಿ ಹೇಳಿದೆ. ಗುಜರಾತಿನ ಬೋಟು ಗಡಿಯ ಗೆರೆ ದಾಟಿದ್ದರಿಂದ ನಿಮ್ಮನ್ನು ಹಿಡಿದರು ಎಂಬಲ್ಲಿಗೆ ಬಂದಾಗ ಆಕೆ ತಡೆದಳು. "ಮಾಷ್ಟ್ರೇ, ನೀರಗೆ ಗೆರೆ ಹಾಕುಕ್ ಆತ್ತಾ?" ನಲವತ್ತು ವರ್ಷ ಭೂಪಟ ತೂಗುಹಾಕಿ ಪಾಠ ಹೇಳಿದ ನಾನು ಮುಂದಿನ ಸಾಲನ್ನು ಓದಿದೆ.

ಇನ್ನೊಂದು ಸಂಗತಿ. ಈ ತಿಂಗಳ ಆರರಂದು ಪೊಲೀಸು ಉಲ್ಲಾಸ್ ನಿನ್ನ ಗುರುತಿನ ವಿಚಾರಣೆಯ ಕಾಗದ ಹಿಡಿದು ನನ್ನಲ್ಲಿಗೆ ಬಂದಿದ್ದ. ಅವನೂ ನನ್ನ ವಿದ್ಯಾರ್ಥಿಯೇ, ನಿನಗಿಂತ ನಾಲ್ಕು ವರ್ಷ ಕಿರಿಯ. ಕೋಡಿಯ ಮನೆಗೆ ಬೀಗವಿತ್ತಂತೆ, ನಿನ್ನ ದೊಡ್ಡಮ್ಮನ ಮಗಳು ವನಜ ಮೀನು ಮಾರಲು ಹೋಗಿದ್ದಳಂತೆ. "ಸರ್, ನೀವ್ ಒಂದ್ ಸೈನ್ ಹಾಕಿರೆ ಮುಗೀತ್" ಎಂದ. ಕಾಗದದಲ್ಲಿ ಹೀಗಿತ್ತು: ಜಿತೇಂದ್ರ, ಚಂದಯ್ಯನ ಮಗ, ವಾಸ ಕೋಡಿ. ಎರಡೂ ತಪ್ಪು. ನಿನ್ನ ತಂದೆಯ ಹೆಸರು ಗುಡ್ಡ, ಬೈಂದೂರಿನವನು; ಚಂದಯ್ಯ ನಿನ್ನ ಸೋದರಮಾವ. ನಿನ್ನ ವಾಸ ತ್ರಾಸಿ. ಕೆಳಗೆ "ಮೇಲಿನ ವಿವರ ಸರಿಯಾಗಿದೆ / ಸರಿಯಾಗಿಲ್ಲ" ಎಂದಿತ್ತು. ನಾನು ಮೊದಲನೆಯದನ್ನು ಹೊಡೆದುಹಾಕಿ ಸಹಿ ಮಾಡಿದೆ. ಸರಿಯಾದುದನ್ನು ಬರೆಯಲು ಅಲ್ಲಿ ಸ್ಥಳವಿರಲಿಲ್ಲ. ಮತ್ತೊಮ್ಮೆ ಬಂದು ಬರೆದುಕೊಳ್ಳುತ್ತಾರೆ. ಪರದೇಶದಲ್ಲಿ ತಪ್ಪು ದಾಖಲೆಯಷ್ಟು ಅಪಾಯಕಾರಿಯಾದುದು ಬೇರೆ ಇಲ್ಲ. ಅಲ್ಲಿಯ ಗುಮಾಸ್ತನಾರೋ ಅಜಾಗ್ರತೆಯಿಂದ ಬರೆದಿರಬೇಕು. ನಾನು ತಡೆದಿದ್ದೇನೆ. ನಿಶ್ಚಿಂತೆಯಿಂದಿರು.

ಶೇಖರ ಹೆಗ್ಡೆ

*

ಕರಾಚಿ
೨ ಜುಲೈ ೨೦೨೪
(ಕೈ ಸೇರಿದ್ದು: ೨೬ ಸೆಪ್ಟೆಂಬರ್ ೨೦೨೪. ಶೇ. ಹೆ.)

ಮಾಷ್ಟ್ರಿಗೆ ನಮಸ್ಕಾರಗಳು.

ನಾನು ಕಾಗದ ಹಾಕಿ ಎಂಟು ತಿಂಗಳಾಗುತ್ತ ಬಂತು, ನಿಮ್ಮ ಉತ್ತರ ಬರಲಿಲ್ಲ. ಸೌಖ್ಯ ಇಲ್ಲವೋ, ಸಿಟ್ಟೋ ಗೊತ್ತಿಲ್ಲ.

ಇಲ್ಲಿ ಕನ್ನಡದವ ನಾನೊಬ್ಬನೇ. ಉಳಿದವರೆಲ್ಲ ಗುಜರಾತಿನವರು, ಅವರ ಹತ್ತಿರ ಹಿಂದಿ ಮಾತಾಡುತ್ತೇನೆ. ಮಣಿ ಪೋಣಿಸುವ ಕೆಲಸ ಇದೆ. ಮಣಿ ಎಣಿಸುವುದು ಮಾತ್ರ ಕನ್ನಡದಲ್ಲಿ, ಬಾಯಿ ಬಿಟ್ಟು, ಒಂದ್, ಎರಡ್ ಅಂತ. ಇಲ್ಲದಿದ್ದರೆ ಮಾತು ಮರೆತು ಹೋದೀತು ಅಂತ ಹೆದರಿಕೆ.

ಕಾಗದ ನೋಡುವ ಮುನ್ಶಿಗೆ ವಯಸ್ಸಾಗಿದೆ. ಕನ್ನಡ ಓದುವವರು ಇಲ್ಲಿ ಯಾರೂ ಇಲ್ಲದ್ದರಿಂದ ನನ್ನ ಕಾಗದವನ್ನು ಕಪಾಟಿಗೆ ಹಾಕಬೇಕಂತೆ. "ಯಾರಿಗೆ?" ಅಂತ ಕೇಳಿದ. "ತಾಯಿಗೆ ಓದಿ ಹೇಳುವವರಿಗೆ" ಅಂದೆ. ಅವನ ತಂಗಿಯ ಮಗ ಮೀನಿಗೆ ಹೋದವ ಗುಜರಾತಿನ ಜೈಲಿನಲ್ಲಿ ಇದ್ದಾನಂತೆ. ಅವನು ಸಿಂಧಿಯಲ್ಲಿ ಬರೆದದ್ದನ್ನು ಅಲ್ಲಿ ಯಾರೋ ಓದದೆಯೇ ಇತ್ತ ಬಿಡುತ್ತಾರಂತೆ. "ಅವರು ಬಿಟ್ಟರು, ನಾನೂ ಬಿಟ್ಟೆ" ಅಂತ ಮುದ್ರೆ ಹೊಡೆದ. ಮುಖ ನೋಡಲಿಲ್ಲ.

ಈಗ ಮುಖ್ಯ ಮಾತು. ನನ್ನ ಶಿಕ್ಷೆ ಮುಗಿದು ವರ್ಷವಾಯಿತು. ನಾವು ಯಾವ ದೇಶದವರು ಅಂತ ನಮ್ಮ ದೇಶ ಹೇಳದೆ ಇಲ್ಲಿಂದ ಬಿಡುವುದಿಲ್ಲ. ಮೊನ್ನೆ ನಮ್ಮ ರಾಯಭಾರ ಕಚೇರಿಯವರು ಬಂದು ಹೆಸರು ಓದಿದರು. ನಮ್ಮ ಕೋಣೆಯ ಹದಿನೇಳು ಮಂದಿಯದು ಸರಿಯಾಯಿತು. ನನ್ನದು ಮಾತ್ರ "ಕೋಡಿಯಲ್ಲಿ ವಿಚಾರಿಸಿದಾಗ ವಿವರ ಸರಿಯಾಗಿಲ್ಲ ಎಂದು ಬಂದಿದೆ" ಅಂತ.

ನಾನು ಹೇಳಿದ್ದು ಸರಿಯೇ ಮಾಷ್ಟ್ರೇ. ನಿನ್ನ ಮನೆ ಯಾವುದು, ಮನೆಯ ಹಿರಿಯ ಯಾರು ಅಂತ ಕೇಳಿದರು. ನಮ್ಮ ಅಳಿಯಕಟ್ಟಿನಲ್ಲಿ ಮನೆ ಅಂದರೆ ತಾಯಿಯ ಮನೆ, ಅಬ್ಬಿ ಹುಟ್ಟಿದ್ದು, ಹಿರಿಯ ಅಂದರೆ ಮಾವ. ತ್ರಾಸಿಯದ್ದು ಅಪ್ಪಯ್ಯ ಕಟ್ಟಿದ್ದು. ಅಲ್ಲಿ ಮಲಗುತ್ತಿದ್ದೆ, ಅಷ್ಟೇ. ಹಿರಿಯ ಅಂದದ್ದನ್ನು ಅವರು ತಂದೆ ಅಂತ ಬರೆದುಕೊಂಡಿರಬೇಕು.

ಆದರೂ ಕೋಡಿಯಲ್ಲಿ ಕೇಳಿದರೆ "ಹೌದು, ನಮ್ಮವ" ಅನ್ನಲು ಏನು ಕಷ್ಟ? ಮನೆಯಲ್ಲಿ ಇರುವವಳು ವನಜಕ್ಕ ಒಬ್ಬಳೇ. ಮಾವ ತೀರಿದ ಮೇಲೆ ಪಾಲಿನ ಮಾತು ಎತ್ತಿದವಳೂ ಅವಳೇ. ನಾನು ಇಲ್ಲ ಅಂತಾದರೆ ಪಾಲೂ ಇಲ್ಲ. ಆ ಮನೆಯ ಮೆಟ್ಟಿಲು ತುಳಿಯುವುದು ಬೇಡ ಅಂತ ಅಬ್ಬಿಗೆ ಹೇಳಿ.

ಜಿತೇಂದ್ರ

*

ಕೋಟೇಶ್ವರ
೯ ಅಕ್ಟೋಬರ್ ೨೦೨೪

ಚಿ. ಜಿತೇಂದ್ರನಿಗೆ ಆಶೀರ್ವಾದಗಳು.

ನಿನ್ನ ಜುಲೈ ತಿಂಗಳ ಪತ್ರ ತಲುಪಿತು. ವಿವರಗಳ ಪರಿಶೀಲನೆಯಲ್ಲಿ ಲೋಪವೊಂದು ಸಂಭವಿಸಿರುವುದು ಕಂಡುಬಂದಿದೆ. ಅದನ್ನು ಸರಿಪಡಿಸಲು ಬೇಕಾದ ಕ್ರಮಗಳನ್ನು ಕೈಗೊಳ್ಳಲಾಗಿದೆ. ಬ್ರಹ್ಮಾವರದ ವಕೀಲರೊಬ್ಬರಿಂದ ಪ್ರಮಾಣಪತ್ರ ಬರೆಯಿಸಲಾಗಿದೆ. ಶಾಲೆಯ ದಾಖಲಾತಿ ಪುಸ್ತಕದ ಪ್ರತಿಯನ್ನೂ ಪಡೆಯಲಾಗುತ್ತಿದೆ. ಮೂರು ಕಚೇರಿಗಳಿಗೆ ಪ್ರತ್ಯೇಕ ಅರ್ಜಿಗಳು ಹೋಗಿವೆ.

ನಿನ್ನ ಪತ್ರವನ್ನು ಅಕ್ಕುವಿಗೆ ಪೂರ್ತಿ ಓದಿದೆ. ವನಜಳ ಕುರಿತ ಸಾಲುಗಳನ್ನೂ ಓದಿದೆ. ಪರರ ಪತ್ರವನ್ನು ಓದಿ ಹೇಳುವವನು ತನಗೆ ಬೇಕಾದುದನ್ನು ಓದಿ ಬೇಡವಾದುದನ್ನು ಬಿಡತಕ್ಕದ್ದಲ್ಲ ಎಂಬುದು ನನ್ನ ನಿಲುವು. ಓದಿ ಮುಗಿಸಿದಾಗ ಆಕೆ ಎದ್ದಳು. ವನಜ ಬೆಳಿಗ್ಗೆ ತಂದುಕೊಟ್ಟಿದ್ದ ಬಂಗುಡೆಯ ಚಟ್ಟಿಯನ್ನು ಒಲೆಯಿಂದ ಕೆಳಗಿಳಿಸಿದಳು.

ಯಾರನ್ನೂ ಅವಸರದಲ್ಲಿ ದೂರದಿರುವುದು ಲೇಸು.

ನಾನು ಮಾರ್ಚ್ ತಿಂಗಳಲ್ಲಿ ಬರೆದ ಪತ್ರ ನಿನಗೆ ತಲುಪಿತೇ? ತಲುಪದಿದ್ದರೆ ಚಿಂತೆಯಿಲ್ಲ. ಅದರಲ್ಲಿ ಮುಖ್ಯವಾದುದು ಏನೂ ಇರಲಿಲ್ಲ.

ಶೇಖರ ಹೆಗ್ಡೆ

*

ಕರಾಚಿ
೪ ಜನವರಿ ೨೦೨೫
(ಕೈ ಸೇರಿದ್ದು: ೨೦ ಫೆಬ್ರವರಿ ೨೦೨೫. ಶೇ. ಹೆ.)

ಮಾಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಅಕ್ಟೋಬರದ ಕಾಗದ ಬಂತು. ಮಾರ್ಚಿನದ್ದು ಬರಲಿಲ್ಲ. ಅದರಲ್ಲಿ ಮುಖ್ಯ ಏನೂ ಇಲ್ಲದಿದ್ದರೂ ನನಗೆ ಬೇಕಿತ್ತು. ಅಬ್ಬಿ ಉಂಡದ್ದು, ಬಸ್ಸು ತಡವಾದದ್ದು ಇದ್ದರೂ ಸಾಕಿತ್ತು.

ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ ನನ್ನ ಕಾಗದವನ್ನೂ ತಿದ್ದಿ ಕಳಿಸುತ್ತೀರಿ ಅಂತ ಇದ್ದೆ. ಕವರನ್ನು ಎರಡೆರಡು ಸಲ ಕೊಡವಿ ನೋಡಿದೆ. ಕೆಂಪು ಗೀಟು ಇಲ್ಲ. ವನಜಕ್ಕನ ಬಗ್ಗೆ ಬರೆದದ್ದಕ್ಕೆ ಬೇಸರವಾಯಿತೋ ಏನೋ. ಆದರೆ ಮತ್ತೆ ಯಾರು ಹೇಳಿಯಾರು ಮಾಷ್ಟ್ರೇ? ಮೂರನೆಯವರಿಗೆ ನನ್ನಿಂದ ಎಂತ ಆಗಬೇಕು?

ಪ್ರತಿ ಜನವರಿ ಒಂದಕ್ಕೂ ಜುಲೈ ಒಂದಕ್ಕೂ ಎರಡು ದೇಶದವರು ತಮ್ಮ ಜೈಲಿನಲ್ಲಿ ಇರುವ ಆಚೆಯವರ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಮೊನ್ನೆಯೂ ಆಯಿತು. ನಮ್ಮೂರಲ್ಲಿ ಹೊಳೆಯ ಆಚೆಯವರಿಗೂ ನಮಗೂ ಬಲೆಯ ಜಗಳ ಇದ್ದಾಗ ಮಾವ ಹೇಳುತ್ತಿದ್ದದ್ದು ನೆನಪಾಯಿತು. ಮಾತು ಬಿಟ್ಟರೂ ಅಳಿವೆ ಬಾಯಿಯಲ್ಲಿ ದೋಣಿ ಮಗುಚಿದರೆ ಎರಡು ದಡದವರೂ ಹಾರಬೇಕು, ಹತ್ತಿದ ಮೇಲೆ ಬೇಕಾದರೆ ಮತ್ತೆ ಮಾತು ಬಿಡಬಹುದು ಅಂತ.

ಈ ಸಲ ಒಂದು ಗುಂಪನ್ನು ಕಳಿಸುತ್ತಾರೆ ಅಂತ ಸುದ್ದಿ. ನನ್ನ ಪಕ್ಕದಲ್ಲಿ ಮಲಗುವ ಭೀಖು ಇದ್ದಾನೆ. ಅವನು ತನ್ನ ಕಂಬಳಿ ನನಗೆ ಕೊಡುತ್ತೇನೆ ಅಂದ. ಬೇಡ, ನಾನೂ ಬರುತ್ತೇನೆ ಅಂದೆ.

ಜಿತೇಂದ್ರ

*

ಕೋಟೇಶ್ವರ
೩ ಮಾರ್ಚ್ ೨೦೨೫

ಚಿ. ಜಿತೇಂದ್ರನಿಗೆ ಆಶೀರ್ವಾದಗಳು.

ಕಳೆದ ವಾರ ಇಪ್ಪತ್ತೆರಡು ಮಂದಿ ಮೀನುಗಾರರು ಪಂಜಾಬಿನ ಗಡಿಯ ಬಾಗಿಲಿನಿಂದ ಈಚೆ ಬಂದರೆಂದು ಪತ್ರಿಕೆಯಲ್ಲಿತ್ತು. ಬಸ್ ನಿಲ್ದಾಣದಲ್ಲಿ ನಿಂತು ಓದಿದೆ. ಚಿತ್ರದಲ್ಲಿ ಮುಖಗಳು ಸಣ್ಣವು. ಮನೆಗೆ ತಂದು ಭೂತಗನ್ನಡಿ ಹಿಡಿದು ನೋಡಿದೆ. ನೀನು ಇರಲಾರೆ ಎಂದು ತಿಳಿದೇ ನೋಡಿದೆ.

ನಮ್ಮ ಕಾಗದಗಳು ದಿಲ್ಲಿ ಸೇರಿದ್ದು ಆ ಪಟ್ಟಿ ಮುಗಿದ ಮೇಲೆ ಎಂದು ಕಚೇರಿಯಲ್ಲಿ ತಿಳಿಸಿದರು. ಮುಂದಿನ ಗುಂಪಿನಲ್ಲಿ ಆಗಬಹುದು.

ತ್ರಾಸಿಯ ಸ್ಥಿತಿ ಹೀಗಿದೆ. ಅಕ್ಕು ವನಜಳೊಡನೆ ಮಾತು ಬಿಟ್ಟು ಐದು ತಿಂಗಳು. ಅಕ್ಕುವಿಗೆ ಮಂಡಿನೋವು, ನೀರು ತರುವುದೂ ಕಷ್ಟ. ಮೊನ್ನೆ ನಾನಿದ್ದಾಗಲೇ ವನಜ ಮೀನಿನ ಬುಟ್ಟಿ ಹೊತ್ತು ಬೇಲಿಯ ದಣಪೆಯ ಹೊರಗೆ ನಿಂತಳು. "ಚಿಕ್ಕೀ, ನಾನ್ ಎಂತ ಮಾಡಿದ್ದೆ ಹೇಳ್ ಕಾಂಬ." ಅಕ್ಕು ಒಳಗಿನಿಂದ, "ಮಾಡದ್ದೇ ಅದ್. ಒಂದ್ ಮಾತ್ ಹೌದ್ ಅಂಬುಕ್ ನಿಂಗ್ ಬಾಯಿ ಬರ್ಲಿಲ್ಲೆ" ಎಂದಳು. ವನಜ ನನ್ನ ಮುಖ ನೋಡಿದಳು. ನಾನು ಕನ್ನಡಕ ಒರೆಸಿಕೊಂಡೆ.

ನಿನಗೆ ಹೇಳಬೇಕಾದ ಮಾತೊಂದಿದೆ. ಇಂದು ಬೇಡ. ಅಂಚೆಯ ಹೊತ್ತು ಮೀರುತ್ತಿದೆ.

ಶೇಖರ ಹೆಗ್ಡೆ

*

ಕೋಟೇಶ್ವರ
೨ ಜುಲೈ ೨೦೨೫

ಪ್ರಿಯ ಜಿತೇಂದ್ರ,

ಈ ಪತ್ರ ನಿನಗೆ ತಲುಪದು. ಏಪ್ರಿಲಿನಲ್ಲಿ ಕಾಶ್ಮೀರದಲ್ಲಿ ಅಮಾಯಕರ ರಕ್ತ ಹರಿಯಿತು. ಮೇ ತಿಂಗಳಲ್ಲಿ ಎರಡು ದೇಶಗಳ ಆಕಾಶದಲ್ಲಿ ಬೆಂಕಿ ಹಾರಿತು. ಗಡಿಯ ಬಾಗಿಲು ಮುಚ್ಚಿದೆ, ಅಂಚೆಯೂ ನಿಂತಿದೆ. ತಲುಪದ ಪತ್ರದಲ್ಲಿ ಸತ್ಯ ಬರೆಯುವುದು ಸುಲಭವಾಗಿದೆ. ಇದು ನನಗೆ ಗೌರವ ತರುವ ಮಾತಲ್ಲ.

"ವಿವರ ಸರಿಯಾಗಿಲ್ಲ" ಎಂದು ಸಹಿ ಮಾಡಿದವನು ನಾನು.

ನಿನ್ನ ಕಳೆದ ವರ್ಷದ ಜುಲೈ ತಿಂಗಳ ಪತ್ರ ಓದಿದ ಕ್ಷಣವೇ ತಿಳಿಯಿತು. "ಲೋಪ ಸಂಭವಿಸಿದೆ" ಎಂದು ಬರೆದೆ, ಲೋಪವು ತಾನೇ ನಡೆದುಬಂದಂತೆ. ಅದಾದ ಮೇಲೆ ದಾಖಲಾತಿ ಪುಸ್ತಕವನ್ನು ನೋಡಲು ಕೋಡಿ ಶಾಲೆಗೆ ಹೋದೆ. ೧೯೯೬ರ ಜೂನ್. ನಿನ್ನ ಹೆಸರಿನ ಮುಂದೆ ನನ್ನದೇ ಕೈಬರಹ: "ಪೋಷಕರು: ಚಂದಯ್ಯ. ಮನೆ: ಕೋಡಿ." ಏಳು ವರ್ಷ ನಿನ್ನ ಪ್ರಗತಿಪತ್ರಕ್ಕೆ ಆತನಿಂದಲೇ ರುಜು ಹಾಕಿಸಿಕೊಂಡವನು ನಾನು. ನಾನೂ ಅಳಿಯಕಟ್ಟಿನವನೇ. ನಮ್ಮಲ್ಲಿಯೂ ಮನೆ ಎಂದರೆ ತಾಯಿಯ ಮನೆ. ನಿನ್ನ ಮನೆ ಯಾವುದೆಂದು ನನಗೆ ತಿಳಿದಿರಲಿಲ್ಲವೆಂದಲ್ಲ. ಕಾಗದದ ಮೇಲೆ ತಪ್ಪು ಕಂಡಾಗ ಕಾಗದದಾಚೆ ನೋಡುವ ಅಭ್ಯಾಸ ನನಗಿಲ್ಲ.

ನಿನ್ನೆ ಕೋಡಿಗೆ ಹೋಗಿದ್ದೆ. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು, ವನಜ ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದಳು. "ಹ್ವಾಯ್ ಮಾಷ್ಟ್ರೇ, ದಾರಿ ತಪ್ಪಿತಾ? ನೀವ್ ತಪ್ಪುವರ್ ಅಲ್ಲ ಅಲ್ದಾ" ಎಂದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ಮೀನು ಆರಿಸುವುದನ್ನು ನಿಲ್ಲಿಸಲಿಲ್ಲ.

"ಹಾಂಗಾರೆ ನಾನ್ ಕಳ್ಳಿ ಆದ್ದ್ ನಿಮ್ ಸೈನಿಂದ."

"ಹೌದು."

"ಆ ದಿವ್ಸ ನಾನ್ ಮನಿಯಗೆ ಇದ್ದಿರೆ, ಹೌದ್, ನಮ್ ಮನಿ ಹೈದ ಅಂದ್ಹೇಳಿ ಹೆಬ್ಬೆಟ್ಟ್ ಒತ್ತತಿದ್ದೆ. ನಂಗ್ ಅಷ್ಟೆಲ್ಲ ಸರಿ ತಪ್ಪ್ ಗೊತ್ತಿಲ್ಲೆ ಕಾಣಿ, ಅದ್ಕೇ."

ಕೈ ತೊಳೆದು, ಸೀರೆ ಬದಲಿಸಿ, ನನ್ನೊಡನೆ ಬಸ್ಸು ಹತ್ತಿದಳು. ಕುಂದಾಪುರದಲ್ಲಿ ಬಸ್ಸು ಬದಲಿಸಿದೆವು. ತ್ರಾಸಿಯವರೆಗೆ ಒಂದು ಮಾತೂ ಇಲ್ಲ. ಅಕ್ಕುವಿನ ಅಂಗಳದಲ್ಲಿ ನಿಂತು, "ಚಿಕ್ಕೀ, ಮಾಷ್ಟ್ರಿಗೆ ಎಂತೋ ಹೇಳುಕ್ ಇತ್ತಂಬ್ರ್" ಎಂದಳು. ಎರಡನೆಯ ಸಲ ಹೇಳಿದೆ. ಅಕ್ಕು ಕಂಬ ಹಿಡಿದು ಎದ್ದು ನಿಂತಳು.

"ಮಾಷ್ಟ್ರೇ, ನಂಗ್ ಓದುಕ್ ಬತ್ತಿಲ್ಲೆ. ನಿಮ್ಗ್ ಬತ್ತ್ ಅಂದ್ಹೇಳಿ ಅಲ್ದಾ ನಿಮ್ ಕೈಯಗೆ ಕೊಟ್ಟದ್."

ಅನಂತರ ವನಜಳತ್ತ ತಿರುಗಿ, "ಕೂಕೋ, ಗಂಜಿ ಇತ್ತ್" ಎಂದಳು. ನನಗೆ ಕುಳಿತುಕೊಳ್ಳಲು ಹೇಳಲಿಲ್ಲ. ನಾನು ಮುಂದಿನ ಬಸ್ಸಿಗೆ ಮರಳಿದೆ.

ಇಂದಿನ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ, ಒಳಪುಟದ ಮೂಲೆಯಲ್ಲಿ. ನಿನ್ನೆ ಜುಲೈ ಒಂದು. ಎರಡು ದೇಶಗಳೂ ಸೆರೆಯಾಳುಗಳ ಪಟ್ಟಿಯನ್ನು ವಿನಿಮಯ ಮಾಡಿಕೊಂಡವಂತೆ. ಅಂಚೆ, ಬಾಗಿಲು, ಮಾತು ಎಲ್ಲವೂ ನಿಂತ ಮೇಲೆಯೂ ಅದೊಂದು ನಿಂತಿಲ್ಲ. ನಿನ್ನ ಮಾವ ಹೇಳುತ್ತಿದ್ದ ಅಳಿವೆಯ ನಿಯಮ ದೊಡ್ಡವರಿಗೂ ಅಷ್ಟಿಷ್ಟು ತಿಳಿದಿದೆ. ತಿಳಿಯದಿದ್ದವನು ನಾನು. ನೀರಿಗೆ ಬಿದ್ದವನನ್ನು ಕಂಡು, ದಡದಲ್ಲಿ ನಿಂತು, ಇವನ ತಂದೆಯ ಹೆಸರು ತಪ್ಪಾಗಿದೆ ಎಂದೆ.

ಫೆಬ್ರವರಿಯಲ್ಲಿ ನೀನು ಬರಬೇಕಾಗಿತ್ತು.

ಶೇಖರ ಹೆಗ್ಡೆ

*

ಕರಾಚಿ
೨ ಏಪ್ರಿಲ್ ೨೦೨೫
(ಕೈ ಸೇರಿದ್ದು: ೫ ಜನವರಿ ೨೦೨೬. ಒಂಬತ್ತು ತಿಂಗಳು ಮೂರು ದಿನ. ಶೇ. ಹೆ.)

ಮಾಷ್ಟ್ರಿಗೆ ನಮಸ್ಕಾರಗಳು.

ಈದಿಗೆ ಮುನ್ಶಿ ಕಪಾಟು ಗುಡಿಸುವಾಗ ನಿಮ್ಮ ಒಂದು ಕಾಗದ ಸಿಕ್ಕಿತು. ಹೋದ ವರ್ಷದ ಮಾರ್ಚಿನದ್ದು. ಅವನು ರಜೆಯಲ್ಲಿದ್ದಾಗ ಬಂದು ಒಳಗೆ ಬಿದ್ದಿತ್ತಂತೆ. ಹಬ್ಬದ ಶಾವಿಗೆ ತಂದುಕೊಟ್ಟು, ಕಾಗದವನ್ನೂ ಕೊಟ್ಟ. ಮೊದಲು ಬಹಳ ಖುಷಿಯಾಯಿತು. ಕೆಂಪು ಶಾಯಿ ಇತ್ತು.

ಮತ್ತೆ ಓದಿದೆ.

ಎರಡು ದಿನ ನಿಮಗೆ ಬೈದೆ ಮಾಷ್ಟ್ರೇ. ಕನ್ನಡದಲ್ಲೇ, ಬಾಯಿಗೆ ಬಂದ ಹಾಗೆ. ಗುಜರಾತಿನವರಿಗೆ ಅರ್ಥ ಆಗಲಿಲ್ಲ, ನಗಾಡಿದರು. ಎಷ್ಟೋ ಸಮಯದ ಮೇಲೆ ಬಾಯಿ ತುಂಬ ಕನ್ನಡ ಮಾತಾಡಿದ್ದು ಅದೇ.

ಸೈನ್ ಹಾಕಿದ್ದಕ್ಕೆ ಅಲ್ಲ. ನಿಮ್ಮ ಕೈಯಲ್ಲಿ ತಪ್ಪು ಕಾಗದ ಕೊಟ್ಟರೆ ನೀವು ಹಾಗೇ ಮಾಡುತ್ತೀರಿ, ಅದು ಶಾಲೆಯಲ್ಲಿ ಕಲಿತ ಎಲ್ಲರಿಗೂ ಗೊತ್ತು. ಆದರೆ ಅಕ್ಟೋಬರದಲ್ಲಿ ನಿಮಗೆ ಗೊತ್ತಿತ್ತು. ವನಜಕ್ಕನ ಹೆಸರು ನಾನು ಬರೆದದ್ದನ್ನು ಓದಿಯೂ ನೀವು ತಿದ್ದಲಿಲ್ಲ. ಒತ್ತಕ್ಷರ ಬಿಟ್ಟರೆ ತಿದ್ದುವವರು ಅದನ್ನು ತಿದ್ದಬಹುದಿತ್ತು. ನನ್ನ ಮಾತು ಕೇಳಿ ಅಬ್ಬಿ ಅವಳನ್ನು ದೂರ ಮಾಡಿದ್ದರೆ ಈಗ ಮೀನು, ನೀರು ತಂದುಕೊಡುವವರು ಯಾರು?

ವನಜಕ್ಕನಿಗೆ ಹೇಳಿ, ನಾನು ತಪ್ಪು ಬರೆದೆ ಅಂತ. ಅದು ನನ್ನ ತಪ್ಪು, ನಿಮ್ಮದಲ್ಲ.

ಮುನ್ಶಿಯ ಕೆಂಪು ಪೆನ್ನು ಕೇಳಿ ತೆಗೆದುಕೊಂಡೆ. ನಿಮ್ಮ ಮಾರ್ಚಿನ ಕಾಗದವನ್ನು ಇದರೊಟ್ಟಿಗೆ ಕಳಿಸಿದ್ದೇನೆ. "ನಿನ್ನ ವಾಸ ತ್ರಾಸಿ" ಅನ್ನುವಲ್ಲಿ ಗೀಟು ಹಾಕಿ ಪಕ್ಕದಲ್ಲಿ "ತಪ್ಪು" ಅಂತ ಬರೆದಿದ್ದೇನೆ. ಅಲ್ಲಿ ಇದ್ದದ್ದು ಹೌದು. ಆದರೆ ಕತ್ತಲಾದ ಮೇಲೆ ಇಲ್ಲಿ ಕಣ್ಣು ಮುಚ್ಚಿದರೆ ಬರುವುದು ಕೋಡಿಯ ಜಗಲಿಯೇ, ಮಾವನ ಕೆಮ್ಮೇ. ಅದನ್ನು ಯಾವ ಕಾಗದದಲ್ಲಿ ಬರೆಯುವುದು?

ನಮಗೆ ತಪ್ಪಿದ್ದನ್ನು ಹತ್ತು ಸಲ ಬರೆಯಲು ಹೇಳುತ್ತಿದ್ದಿರಿ. ನಿಮಗೆ ಹೇಳುವಷ್ಟು ದೊಡ್ಡವ ನಾನಲ್ಲ.

ಕಾಗದ ಬರೆಯುವುದು ನಿಲ್ಲಿಸಬೇಡಿ.

ಜಿತೇಂದ್ರ

*

ಕೋಟೇಶ್ವರ
೭ ಜನವರಿ ೨೦೨೬

ಪ್ರಿಯ ಜಿತೇಂದ್ರ,

ನಿನ್ನ ಏಪ್ರಿಲ್ ತಿಂಗಳ ಪತ್ರ ಮೊನ್ನೆ ಬಂತು. ಎಲ್ಲಿ ತಂಗಿತ್ತೋ ತಿಳಿಯದು. ಲಕೋಟೆಯ ಮೇಲೆ ಮೂರು ಮುದ್ರೆಗಳಿವೆ, ಒಂದೂ ಓದಲಾಗುವುದಿಲ್ಲ. ನಾನು ಒಪ್ಪಿಕೊಳ್ಳುವ ಮೊದಲೇ ನಿನಗೆ ತಿಳಿದಿತ್ತು. ಒಪ್ಪಿಕೊಂಡ ಪತ್ರ ಇನ್ನೂ ನನ್ನ ಮೇಜಿನಲ್ಲಿಯೇ ಇದೆ.

ನಿನ್ನ ಪತ್ರವನ್ನು ತ್ರಾಸಿಗೆ ಒಯ್ದೆ. ಈಗ ಅಲ್ಲಿ ಇಬ್ಬರಿದ್ದಾರೆ. ಮಳೆಗಾಲ ಮುಗಿಯುವ ಮೊದಲೇ ವನಜ ಬಂದು ಅಕ್ಕುವಿನೊಡನೆ ಉಳಿದಿದ್ದಾಳೆ; ಕೋಡಿಯ ಮನೆಗೆ ವಾರಕ್ಕೊಮ್ಮೆ ಹೋಗಿ ದೀಪ ಹಚ್ಚುತ್ತಾಳೆ. ಒಂದು ಸಾಲನ್ನೂ ಬಿಡದೆ ಓದಿದೆ. ನೀನು ನನಗೆ ಬೈದುದನ್ನೂ ಓದಿದೆ. ವನಜ ನಕ್ಕಳು. "ಇನ್ನೊಂದ್ ಸಲ ಓದಿ ಮಾಷ್ಟ್ರೇ, ಆ ಬೈದದ್ದ್" ಎಂದಳು ಅಕ್ಕು. ಓದಿದೆ. ಕುಳಿತುಕೊಳ್ಳಲು ಈಗಲೂ ಹೇಳುವುದಿಲ್ಲ. ಆದರೆ ಜಗಲಿಯಲ್ಲಿ ಒಂದು ಮಣೆ ಹಾಕಿತ್ತು. ಯಾರಿಗೆಂದು ನಾನು ಕೇಳಲಿಲ್ಲ. ಕುಳಿತೆ.

ನಿನ್ನ ಗುರುತು ದೃಢಪಟ್ಟಿದೆಯೆಂದು ಡಿಸೆಂಬರಿನಲ್ಲಿ ಅಕ್ಕುವಿನ ಹೆಸರಿಗೆ ಕಾಗದ ಬಂದಿದೆ. ಈ ಜನವರಿ ಒಂದರಂದೂ ಪಟ್ಟಿಗಳ ವಿನಿಮಯವಾಯಿತು. ನೀನು ಆ ಪಟ್ಟಿಯಲ್ಲಿದ್ದೀ; ಈಗ ಉಳಿದಿರುವುದು ಬಾಗಿಲು ತೆರೆಯುವುದೊಂದೇ. ಅದು ನನ್ನ ಸಹಿಯಿಂದ ಮುಚ್ಚಿದ್ದಲ್ಲ, ನನ್ನ ಸಹಿಯಿಂದ ತೆರೆಯುವುದೂ ಇಲ್ಲ. ತೆರೆದಿದ್ದ ದಿನ ನೀನು ದಾಟಲಾಗದಂತೆ ಮಾಡಿದ್ದು ಮಾತ್ರ ನನ್ನದು.

ಮುನ್ಶಿಯ ತಂಗಿಯ ಮಗನ ಹೆಸರನ್ನು ಕೇಳಿ ಇಟ್ಟುಕೊ. ಅವನ ಮನೆ ಯಾವುದೆಂದು ಅಲ್ಲಿಯೂ ಯಾರೋ ಒಬ್ಬರನ್ನು ಕೇಳಿರುತ್ತಾರೆ. ಅವರು ಮೇಷ್ಟರಾಗದಿರಲಿ.

ಹತ್ತು ಸಲ ಬರೆಯಲು ನೀನು ಹೇಳಲಿಲ್ಲ. ಆದರೂ ಬರೆದು ಇದರೊಡನೆ ಇಟ್ಟಿದ್ದೇನೆ. ಅಂಚೆ ಕಚೇರಿಯವರು ಇವತ್ತೂ ತೆಗೆದುಕೊಳ್ಳಲಿಲ್ಲ. ನೀನೇ ಬಂದು ತಿದ್ದಬೇಕು. ಒಂದು ಸಾಲು ಇಲ್ಲಿಯೂ ಬರೆಯುತ್ತೇನೆ:

ಜಿತೇಂದ್ರ, ಚಂದಯ್ಯನ ಮನೆಯವನು, ಕೋಡಿ. ವಿವರ ಸರಿಯಾಗಿದೆ.

ಎಂಟನೆಯದರಿಂದ ಸಾಲು ಓರೆಯಾಗಿದೆ. ಅದಕ್ಕೆ ಅಂಕ ಕಳೆಯಬಹುದು.

ಶೇಖರ ಹೆಗ್ಡೆ